ಹಾಯಿದೋಣಿಯ ಮೇಲೆ ತಣ್ಣನೆಯ ಡ್ರಾಫ್ಟ್ ಬಿಯರ್ ಕೊಡುವುದು ಹೇಗೆ?

ಅಮೆರಿಕದ ಚೆಸಾಪೀಕ್ ಕೊಲ್ಲಿಯ ಮೇರಿಲ್ಯಾಂಡ್ ದಂಡೆಯಲ್ಲಿ ಜುಲೈ ತಿಂಗಳ ಶನಿವಾರವೆಂದರೆ ಮೈಗಂಟುವ ಸೆಕೆ, ಬಿದ್ದುಹೋದ ಗಾಳಿ ಮತ್ತು ಯಾವುದೋ ನದಿಯ ತಿರುವಿನಲ್ಲಿ ಲಂಗರು ಇಳಿಸಿ ಪಕ್ಕಪಕ್ಕಕ್ಕೆ ಕಟ್ಟಿಕೊಂಡ ನಾಲ್ಕೈದು ಹಾಯಿದೋಣಿಗಳು. ಅಂಥ ಕೂಟಕ್ಕೆ ಕ್ಯಾನ್‌ಗಳ ಬದಲು ಒಂದು ಕೆಗ್ (ಲೋಹದ ಪೀಪಾಯಿ) ಡ್ರಾಫ್ಟ್ ಬಿಯರ್, ಅಂದರೆ ನಲ್ಲಿಯಿಂದ ಹಿಡಿದು ಕುಡಿಯುವ ಬಿಯರ್ ತರಬೇಕೆಂಬ ಆಸೆ ಪ್ರತಿ ಬೇಸಿಗೆಯಲ್ಲೂ ಯಾರಿಗಾದರೂ ಹುಟ್ಟುತ್ತದೆ. ಅದೇ ದಂಡೆಯ ಅನಾಪೊಲಿಸ್ ಊರಿನ ಸುತ್ತಮುತ್ತ ನಾನು ಕಂಡಂತೆ ಅದು ಹೆಚ್ಚಿನ ಸಲ ಕೆಡುವುದು ಒಂದೇ ರೀತಿಯಲ್ಲಿ. ನಲ್ಲಿ ತೆರೆದರೆ ಮುಕ್ಕಾಲು ಲೋಟ ನೊರೆ ಬರುತ್ತದೆ, ದೋಣಿಯ ಯಜಮಾನರು ಬಿಯರನ್ನು ತಳ್ಳುವ ಅನಿಲದ ಒತ್ತಡವನ್ನು ರೆಗ್ಯುಲೇಟರ್ ತಿರುಗಿಸಿ ಇಳಿಸುತ್ತಾರೆ, ನೊರೆ ಇನ್ನಷ್ಟು ಹೆಚ್ಚುತ್ತದೆ, ಅವರು ಮತ್ತಷ್ಟು ಇಳಿಸುತ್ತಾರೆ. ಸಂಜೆ ಐದರ ಹೊತ್ತಿಗೆ ಕೆಗ್‌ನಲ್ಲಿ ಉಳಿದಿರುವುದು ಚಪ್ಪೆ ಬಿಯರ್. ನೊರೆ ಕಂಡಾಗ ಒತ್ತಡ ಇಳಿಸಬಾರದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಮೊದಲು ಕೆಗ್ಗಿನ ಆಯ್ಕೆ. ಅಮೆರಿಕದಲ್ಲಿ ಎಲ್ಲರ ಕಣ್ಣಿಗೆ ಬೀಳುವ ದೊಡ್ಡ ಕೆಗ್ ಸುಮಾರು 58 ಲೀಟರಿನದು, ತುಂಬಿದಾಗ 70 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಅದನ್ನು ಕಟ್ಟೆಯಿಂದ ಅಲುಗಾಡುವ ದೋಣಿಗೆ ದಾಟಿಸುವುದು ಕಾಲು ಜಜ್ಜಿಕೊಳ್ಳುವ ಕೆಲಸ. ಅದರ ಮೂರನೇ ಒಂದು ಪಾಲಿನಷ್ಟಿರುವ, 19.5 ಲೀಟರಿನ ಸಣ್ಣ ಕೆಗ್ಗನ್ನೇ ತನ್ನಿ. ಸುಮಾರು 26 ಕೆ.ಜಿ. ತೂಗುವ ಅದನ್ನು ಇಬ್ಬರು ಸಲೀಸಾಗಿ ಎತ್ತಿಕೊಡಬಹುದು, ಮತ್ತು ಅರ್ಧ ಲೀಟರಿನ ಮೂವತ್ತೈದು ಲೋಟಗಳಿಗೆ ಅದು ಸಾಕು. ಬಿಯರ್ ಲಾಗರ್ ಅಥವಾ ಪೇಲ್ ಏಲ್ ಆಗಿರಲಿ. ಜರ್ಮನ್ ಬಗೆಯ ಗೋಧಿ ಬಿಯರಿನಲ್ಲಿ ಅನಿಲ ಸ್ವಭಾವತಃ ಹೆಚ್ಚು, ಅಲುಗುವ ದೋಣಿಗೆ ಅದು ತಕ್ಕುದಲ್ಲ.

ಕೆಗ್ ಮಾರುವ ಅಂಗಡಿಯವರು ಬಿಯರನ್ನು ಹೊರತಳ್ಳಲು ಕೈಪಂಪೊಂದನ್ನು ಜೊತೆಗೆ ಕೊಡುತ್ತಾರೆ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಅದು ಕೆಗ್ಗಿನೊಳಕ್ಕೆ ತಳ್ಳುವುದು ಬರಿಯ ಗಾಳಿಯನ್ನು; ಅದರಲ್ಲಿನ ಆಮ್ಲಜನಕ ತಗುಲಿದ ಬಿಯರ್ ಮರುದಿನಕ್ಕೆ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಅದರ ಬದಲು ಕಾರ್ಬನ್ ಡೈಆಕ್ಸೈಡಿನ ಸಣ್ಣ ಸಿಲಿಂಡರ್, ಅಂದರೆ ಒಂದು ಕೆ.ಜಿ.ಗೆ ತುಸು ಹೆಚ್ಚು ಅನಿಲ ಹಿಡಿಯುವಂಥದ್ದು ಸಾಕಾಗಿ ಉಳಿಯುತ್ತದೆ. 30 ಪಿಎಸ್ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡದಲ್ಲಿ ಈ ಸಣ್ಣ ಕೆಗ್ಗನ್ನು ಪೂರ್ತಿ ಖಾಲಿ ಮಾಡಲು ಬೇಕಾಗುವ ಅನಿಲ ಸುಮಾರು 110 ಗ್ರಾಂ ಮಾತ್ರ. ಬೆರಳುದ್ದದ 16 ಗ್ರಾಂ ಕಾಟ್ರಿಜ್‌ಗಳ ರೆಗ್ಯುಲೇಟರನ್ನು ಕೊಂಡವರು ಈ ಲೆಕ್ಕ ಹಾಕಿರುವುದಿಲ್ಲ. ಒಂದು ಕೆಗ್ಗಿಗೆ ಅಂಥ ಏಳು ಕಾಟ್ರಿಜ್ ಬೇಕು.

ಸಿಲಿಂಡರನ್ನು ಎಲ್ಲಿಡುತ್ತೀರಿ ಎಂಬುದು ಜೀವದ ವಿಷಯ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ದೋಣಿಯ ಒಡಲು ಬೋಗುಣಿಯಂತೆ ತಳ ಮುಚ್ಚಿದ್ದು. ಕ್ಯಾಬಿನ್ನಿನಲ್ಲಿ ಸೋರಿದ ಅನಿಲ ಹೊರಗೆ ಹೋಗದೆ ಕೆಳಗೆ, ಜನ ಮಲಗುವ ಮಟ್ಟದಲ್ಲೇ ನಿಲ್ಲುತ್ತದೆ. ದೋಣಿಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇದನ್ನು ಗುರುತಿಸುವುದಿಲ್ಲ. ಆದ್ದರಿಂದ ಸಿಲಿಂಡರ್ ಹೊರಗೆ ಕಾಕ್‌ಪಿಟ್ಟಿನಲ್ಲಿ (ದೋಣಿ ನಡೆಸುವವರು ಕೂರುವ ತೆರೆದ ಜಾಗ), ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿದಿರಬೇಕು. ಮಲಗಿಸಿಟ್ಟರೆ ಒಳಗಿನ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಹಾಳುಮಾಡುತ್ತದೆ.

ದೋಣಿ ಸಾಗುವಾಗ ಕೆಗ್ ಕ್ಯಾಬಿನ್ನಿನ ನಡುವೆ, ಕೂವೆಯ ಬುಡದ ಬಳಿ, ಹಳೆಯ ಉಣ್ಣೆಯ ಕಂಬಳಿ ಸುತ್ತಿಕೊಂಡು ಕುಳಿತಿರಲಿ. ದೋಣಿ ಅತಿ ಕಡಿಮೆ ತೂಗಾಡುವ ಜಾಗ ಅದು. ಎಂಜಿನ್ ಪಕ್ಕದ ಖಾನೆ ಎಷ್ಟೇ ಅನುಕೂಲವಾಗಿ ಕಂಡರೂ ಬೇಡ. ಸಾಗುವಾಗ ಅನಿಲದ ಕೊಳವೆಯನ್ನು ಕೆಗ್ಗಿಗೆ ಜೋಡಿಸಲೇಬೇಡಿ. ಮನೆಯಲ್ಲಿ ಬಿಯರ್ ತಯಾರಿಸುವವರು ಅನಿಲವನ್ನು ಬೇಗ ಕರಗಿಸಲು ಕೆಗ್ಗನ್ನು ಒತ್ತಡದಲ್ಲಿಟ್ಟು ಕುಲುಕುತ್ತಾರೆ. ಅನಿಲ ತೆರೆದಿಟ್ಟು ಎರಡು ಗಂಟೆ ಅಲೆಗಳ ಮೇಲೆ ಸಾಗಿದರೆ ನಿಮ್ಮ ದೋಣಿಯೂ ಅದನ್ನೇ ಮಾಡುತ್ತದೆ; ಕುಲುಕಿದ ಗೋಲಿ ಸೋಡಾದ ಹಾಗೆ ಬಿಯರ್ ಉಕ್ಕಿದರೆ ಆಶ್ಚರ್ಯವಿಲ್ಲ. ಲಂಗರು ಕಚ್ಚಿದ ಮೇಲೆ ಕೆಗ್ಗನ್ನು ಕಾಕ್‌ಪಿಟ್ಟಿಗೆ ತಂದು, ಅರ್ಧ ಗಂಟೆಯಾದರೂ ಸುಮ್ಮನೆ ಬಿಡಿ.

ಇನ್ನು ಬಿಯರನ್ನು ತಣ್ಣಗಾಗಿಸುವ ಪೆಟ್ಟಿಗೆ. ಜಾಕಿ ಬಾಕ್ಸ್ ಎಂದು ಕರೆಯುವ ಇದು ಮೂಲತಃ ಒಂದು ಐಸ್ ಪೆಟ್ಟಿಗೆ. ಅದರೊಳಗೆ ಬಿಯರ್ ಹಾದುಹೋಗುವ ಉಕ್ಕಿನ ಸುರುಳಿ, ಹೊರಗೆ ನಲ್ಲಿ. ಸುರುಳಿಯ ಬದಲು, ಒಳಗೇ ಬಿಯರಿನ ಕೊಳವೆಯಿರುವ ಅಲ್ಯೂಮಿನಿಯಂ ತಣ್ಪಟ್ಟಿ ಇರುವ ಪೆಟ್ಟಿಗೆಗಳೂ ಇವೆ. ಇವೆರಡನ್ನೂ ಬಳಸುವ ಕ್ರಮ ಒಂದಕ್ಕೊಂದು ತೀರಾ ವಿರುದ್ಧ, ಮತ್ತು ಜನ ಎಡವುವುದು ಇಲ್ಲೇ. ತಣ್ಪಟ್ಟಿಗೆ ಐಸ್ ನೇರವಾಗಿ ತಾಗುತ್ತಿರಬೇಕು, ಕರಗಿದ ನೀರನ್ನು ಆಗಾಗ ಹೊರಬಿಡಬೇಕು. ಸುರುಳಿಗಾದರೆ ನೀರು ಬೇಕೇ ಬೇಕು. ಬರಿಯ ಐಸ್ ತುಂಬಿದ ಸುರುಳಿಯ ಪೆಟ್ಟಿಗೆಯೊಳಗೆ ಒಮ್ಮೆ ಕೈ ಹಾಕಿ ನೋಡಿ. ಐಸ್ ತುಂಡುಗಳು ಕೊಳವೆಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗಿರುತ್ತವೆ. ನಾಲ್ಕು ಲೋಟ ಬಿಯರ್ ಹರಿದ ಮೇಲೆ ಆ ತಾಗಿದ ತುಂಡುಗಳೂ ಕರಗಿ, ಕೊಳವೆಯ ಸುತ್ತ ಗುಹೆಯಂಥ ಪೊಳ್ಳು ಉಂಟಾಗಿರುತ್ತದೆ. ಮೇಲೆ ಪೆಟ್ಟಿಗೆ ತುಂಬ ಐಸ್ ಕಾಣುತ್ತಿದ್ದರೂ ಒಳಗಿನ ಬಿಯರ್ ಬೆಚ್ಚಗೇ ಬರುತ್ತದೆ. ಐಸ್ ತುಂಬಿದ ಮೇಲೆ ಸುರುಳಿಯ ಮೇಲಿನ ಸುತ್ತು ಮುಳುಗುವಷ್ಟು ಕುಡಿಯುವ ನೀರು ಸುರಿದು, ಹದಿನೈದು ನಿಮಿಷ ಬಿಟ್ಟು, ಆಮೇಲೆ ಅರ್ಧ ಗಂಟೆಗೊಮ್ಮೆ ಸೌಟಿನಿಂದ ಕದಡುತ್ತಿರಿ.

ಸುರುಳಿ 36 ಮೀಟರ್ ಉದ್ದದ್ದಿರಲಿ. ಅಗ್ಗಕ್ಕೆ ಸಿಗುವ 15 ಮೀಟರಿನದು ಕೆಗ್ ಮೊದಲೇ ತಣ್ಣಗಿದ್ದರೆ ಮಾತ್ರ ಸಾಲುತ್ತದೆ. ಐಸ್ ಎಷ್ಟು ಬೇಕೆಂಬುದಕ್ಕೆ ಲೆಕ್ಕವಿದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 19.5 ಲೀಟರ್ ಬಿಯರನ್ನು 4 ಡಿಗ್ರಿಗೆ ಇಳಿಸಲು ಸುಮಾರು ನಾಲ್ಕು ಕೆ.ಜಿ. ಐಸ್ ಕರಗಬೇಕು. ಬಿಸಿಲಿಗೆ, ಸುರಿದ ನೀರಿಗೆ, ಮುಚ್ಚಳ ತೆರೆದು ನೋಡುವವರಿಗೆ ಪಾಲು ಕೊಟ್ಟು ಹನ್ನೆರಡು ಹದಿಮೂರು ಕೆ.ಜಿ. ತನ್ನಿ. ಐಸಿಗೆ ಉಪ್ಪು ಹಾಕಿದರೆ ಬೇಗ ತಣ್ಣಗಾಗುತ್ತದೆಂಬ ಸಲಹೆಯನ್ನು ಕೇಳಬೇಡಿ. ನಾನು ಒಮ್ಮೆ ಎರಡು ಹಿಡಿ ಉಪ್ಪು ಹಾಕಿ, ಸುರುಳಿಯೊಳಗೆ ಬಿಯರ್ ಹೆಪ್ಪುಗಟ್ಟಿ, ಉಪ್ಪು ಬೆರೆತ ಐಸನ್ನೆಲ್ಲ ಹೊರಗೆ ಸುರಿದು ಬಿಯರ್ ಕರಗಲು ಒಂದು ಗಂಟೆ ಕಾದಿದ್ದೇನೆ. ಅಷ್ಟರಲ್ಲಿ ಐಸೂ ಮುಗಿದಿತ್ತು.

ಒತ್ತಡದ ವಿಷಯ ಈಗ. ಬಿಯರ್ ತಣ್ಣಗಿದ್ದಷ್ಟೂ ತನ್ನೊಳಗಿನ ಅನಿಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಲಾಗರ್ 3 ಡಿಗ್ರಿಯಲ್ಲಿದ್ದಾಗ ಅದರ ಅನಿಲ ಕದಲದಿರಲು 11–12 ಪಿಎಸ್ಐ ಸಾಕು. ಅದೇ ಬಿಯರ್ 20 ಡಿಗ್ರಿಗೆ ಏರಿದರೆ 27–28 ಪಿಎಸ್ಐ ಬೇಕು. ಹೋಟೆಲಿನ ಶೀತಲ ಕೋಣೆಯ ಲೆಕ್ಕವನ್ನೇ ನಂಬಿ ದೋಣಿಯ ಬೆಚ್ಚನೆಯ ಕೆಗ್ಗಿಗೆ 12 ಇಟ್ಟರೆ, ಸುರುಳಿ ತಲುಪುವ ಮೊದಲೇ ಕೊಳವೆಯಲ್ಲಿ ಅನಿಲ ಬಿಟ್ಟುಕೊಂಡು ನೊರೆಯಾಗಿಬಿಡುತ್ತದೆ. ಇಳಿಸಿದಷ್ಟೂ ನೊರೆ ಏರುವುದು ಇದೇ ಕಾರಣಕ್ಕೆ. ರೆಗ್ಯುಲೇಟರನ್ನು 30ಕ್ಕೆ ಇಟ್ಟು ಆರಂಭಿಸಿ. ಇಷ್ಟು ಒತ್ತಡ ನೋಡಿ ಹೆದರಬೇಕಿಲ್ಲ, 36 ಮೀಟರಿನ ಕೊಳವೆ ಅದರ ಬಹುಪಾಲನ್ನು ನುಂಗಿ ಬಿಯರನ್ನು ನಿಧಾನವಾಗಿ ನಲ್ಲಿಗೆ ತರುತ್ತದೆ. ಮೊದಲ ಲೋಟವನ್ನು ಚೆಲ್ಲಿ, ಎರಡನೆಯದಕ್ಕೆ ಅಡುಗೆಮನೆಯ ಥರ್ಮಾಮೀಟರ್ ಅದ್ದಿ. ಐದು ಡಿಗ್ರಿಗಿಂತ ಹೆಚ್ಚಿದ್ದರೆ ತೊಂದರೆ ಐಸ್ ಪೆಟ್ಟಿಗೆಯಲ್ಲಿದೆ, ರೆಗ್ಯುಲೇಟರನ್ನು ಮುಟ್ಟಬೇಡಿ. ತಣ್ಣಗಿದ್ದೂ ನೊರೆ ಬರುತ್ತಿದ್ದರೆ ಎರಡೆರಡೇ ಪಿಎಸ್ಐ ಏರಿಸಿ, ಪ್ರತಿ ಸಲವೂ ಒಂದು ಲೋಟ ತುಂಬಿಸಿ ನೋಡಿ. ಅರ್ಧ ಲೀಟರಿನ ಲೋಟ ಹತ್ತು ಸೆಕೆಂಡಿನಲ್ಲಿ ತುಂಬುವುದು ಸರಿಯಾದ ಹದ. ಪಿಚಕಾರಿಯಂತೆ ಚಿಮ್ಮಿದರೆ ಮಾತ್ರ ಇಳಿಸಿ.

ನಲ್ಲಿಯನ್ನು ಪೂರ್ತಿ ತೆರೆಯಬೇಕು. ಅರ್ಧ ತೆರೆದ ನಲ್ಲಿಯ ಸಂದಿಯಲ್ಲಿ ಬಿಯರ್ ಕಡೆದು ನೊರೆಯಾಗುತ್ತದೆ. ಲೋಟವನ್ನು ಓರೆಯಾಗಿ ಹಿಡಿದು ಗೋಡೆಯ ಮೇಲೆ ಹರಿಯಬಿಟ್ಟು ಕೊನೆಯಲ್ಲಿ ನೆಟ್ಟಗೆ ಮಾಡಿ. ಗಾಜಿನ ಲೋಟ ಬರಿಗಾಲಿನ ದೋಣಿಗೆ ಸಲ್ಲದು, ಸ್ಟೀಲ್ ಲೋಟವೇ ಒಳ್ಳೆಯದು. ನಲ್ಲಿಯನ್ನೂ ಸ್ಟೀಲಿನದನ್ನೇ ಕೊಳ್ಳಿ. ಹಿತ್ತಾಳೆಗೆ ಕ್ರೋಮ್ ಲೇಪಿಸಿದ ಅಗ್ಗದ ನಲ್ಲಿಯ ಹೊಳಪು ಉಪ್ಪುಗಾಳಿಗೆ ಎರಡು ಬೇಸಿಗೆಯಲ್ಲಿ ಸಿಪ್ಪೆಯಂತೆ ಎದ್ದುಬಂದದ್ದನ್ನು ನಮ್ಮ ದೋಣಿಯಲ್ಲೇ ಕಂಡಿದ್ದೇನೆ.

ದೋಣಿ ಸಾಗುತ್ತಿರುವಾಗ ನಲ್ಲಿ ತೆರೆಯಬಾರದು, ಮತ್ತು ಅಂದು ದೋಣಿಯನ್ನು ಮರಳಿ ದಡಕ್ಕೆ ತರುವವರು ಒಂದು ಲೋಟವನ್ನೂ ಕುಡಿಯಬಾರದು. ರಕ್ತದಲ್ಲಿ ಶೇ 0.08 ಆಲ್ಕೋಹಾಲ್ ಎಂಬ ಕಾನೂನಿನ ಮಿತಿ ಇಲ್ಲಿ ಹಾಯಿದೋಣಿ ನಡೆಸುವವರಿಗೂ ಅನ್ವಯಿಸುತ್ತದೆ. ನನ್ನ ದೋಣಿಯಲ್ಲಿ ಆ ಮಿತಿ ಸೊನ್ನೆ.

ಕೆಗ್ ಮುಗಿದ ಕೂಡಲೇ ಸಿಲಿಂಡರ್ ಮುಚ್ಚಿ, ಕೆಗ್ಗಿನ ಒತ್ತಡ ಬಿಟ್ಟು, ಸುರುಳಿಯಲ್ಲಿ ಸಿಹಿನೀರನ್ನು ಹಾಯಿಸಿ. ಕೈಗೆಟಕುವ ಕೊಲ್ಲಿಯ ನೀರನ್ನು ಬಳಸಬೇಡಿ, ಅದರ ಉಪ್ಪು ಉಕ್ಕನ್ನೂ ತೂತು ಕೊರೆಯುತ್ತದೆ. ಕ್ಷಾರದ ದ್ರಾವಣದಿಂದ ತೊಳೆಯುವ ಕೆಲಸವನ್ನು ಅದೇ ರಾತ್ರಿ ಮನೆಯಲ್ಲಿ ಮಾಡಿ, ಮತ್ತೆ ನೀರು ಹಾಯಿಸಿ, ಕೊನೆಗೆ ಅನಿಲದಿಂದ ಊದಿ ಒಣಗಿಸಿ. ನಲ್ಲಿಯನ್ನು ಬಿಚ್ಚಿ ಅದರ ರಬ್ಬರ್ ಬಳೆಗಳನ್ನು ಪ್ರತ್ಯೇಕವಾಗಿ ತೊಳೆಯಬೇಕು; ಲೋಳೆ ಮೊದಲು ಕಟ್ಟುವುದು ಆ ಬಳೆಗಳ ಹಿಂದೆ.