ಎಲೆಯ ತುಂಡಿನಿಂದ ಬ್ರಹ್ಮಕಮಲ

ಮೊದಲ ಸಲ ಬ್ರಹ್ಮಕಮಲ ನೆಟ್ಟಾಗ ದಾಸವಾಳಕ್ಕೆ ಮಾಡುವ ಉಪಚಾರವನ್ನೇ ಅದಕ್ಕೂ ಮಾಡಿದ್ದೆ. ದೊಡ್ಡ ಕುಂಡ, ತುಂಬ ಕೆಂಪುಮಣ್ಣು, ನಾಲ್ಕು ಹಿಡಿ ಸಗಣಿ ಗೊಬ್ಬರ, ದಿನವೂ ಬೆಳಿಗ್ಗೆ ಒಂದು ಚೆಂಬು ನೀರು. ಜುಲೈ ಮುಗಿಯುವಷ್ಟರಲ್ಲಿ ಬುಡ ಕೊಳೆತು, ಇಡೀ ಗಿಡ ಬೆಂಕಿಗೆ ಬಾಡಿಸಿದ ಬಾಳೆಲೆಯಂತೆ ಜೋತುಬಿತ್ತು.

ತಪ್ಪು ಗಿಡದ ಹೆಸರಿನಲ್ಲೇ ಇದೆ. ಇದು ಕಮಲವಲ್ಲ, ಹಿಮಾಲಯದ ಬ್ರಹ್ಮಕಮಲವೂ ಅಲ್ಲ. ಉತ್ತರಾಖಂಡದ ರಾಜ್ಯಪುಷ್ಪವಾದ ಆ ಹೂವು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು, ನಮ್ಮ ಸೆಕೆಗೆ ಬದುಕುವುದಿಲ್ಲ. ನಮ್ಮ ಮನೆಗಳ ಜಗಲಿಯಲ್ಲಿ ಮಧ್ಯರಾತ್ರಿ ಅರಳುವುದು ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡಿನಿಂದ ಬಂದ ಒಂದು ಕಳ್ಳಿ. ಪಾಪಸುಕಳ್ಳಿಯ ನೆಂಟ, ಡ್ರ್ಯಾಗನ್ ಹಣ್ಣಿನ ಹತ್ತಿರದ ದಾಯಾದಿ. ತವರಿನಲ್ಲಿ ಅದು ಹೆಚ್ಚಾಗಿ ಮರದ ಕವಲುಗಳಲ್ಲಿ, ತರಗೆಲೆ ಕೊಳೆತು ಸೇರಿದ ಸಂದುಗಳಲ್ಲಿ ಬೇರೂರುತ್ತದೆ. ಮಳೆ ಬಂದಾಗ ನೆನೆಯುತ್ತದೆ, ಮರುಗಳಿಗೆ ನೀರೆಲ್ಲ ಇಳಿದುಹೋಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಇಷ್ಟು ತಿಳಿದರೆ ಮುಂದಿನ ಕೆಲಸವೆಲ್ಲ ಸಲೀಸು.

ತುಂಡು ಆರಿಸುವುದು

ನರ್ಸರಿಗೆ ಹೋಗಿ ದುಡ್ಡು ಕೊಡಬೇಕಾಗಿಲ್ಲ. ಈ ಗಿಡ ನಮ್ಮಲ್ಲಿ ಹರಡಿರುವುದೇ ಮನೆಯಿಂದ ಮನೆಗೆ. ಹೂ ಬಿಟ್ಟ ಅನುಭವವಿರುವ ಗಿಡದಿಂದ, ಕನಿಷ್ಠ ಒಂದು ವರ್ಷ ಬಲಿತ ಅಗಲವಾದ ‘ಎಲೆ’ಯನ್ನು ಕೇಳಿ ತನ್ನಿ. ಎಲೆ ಎಂದು ನಾವು ಕರೆಯುವುದು ವಾಸ್ತವದಲ್ಲಿ ಚಪ್ಪಟೆಯಾದ ಕಾಂಡ. ಅದರ ಅಂಚಿನ ಕಚ್ಚುಗಳಲ್ಲಿ ಕಣ್ಣುಗಳಿರುತ್ತವೆ. ಚಿಗುರೂ ಮೊಗ್ಗೂ ಬರುವುದು ಅಲ್ಲಿಂದಲೇ. ಆರರಿಂದ ಎಂಟು ಅಂಗುಲದ ತುಂಡು ಸಾಕು. ಬುಡದ ಕಡೆಯನ್ನು ಓರೆಯಾಗಿ ಕತ್ತರಿಸಿ ಗುರುತು ಮಾಡಿಕೊಳ್ಳಿ. ತಲೆಕೆಳಗಾಗಿ ನೆಟ್ಟು ತಿಂಗಳುಗಟ್ಟಲೆ ಕಾದವರು ಬೇಕಾದಷ್ಟು ಜನರಿದ್ದಾರೆ.

ಇನ್ನು ಕಷ್ಟದ ಭಾಗ: ಏನೂ ಮಾಡದೆ ಇರುವುದು. ಕತ್ತರಿಸಿದ ತುಂಡನ್ನು ನೆರಳಿನಲ್ಲಿ ಐದಾರು ದಿನ ಹಾಗೆಯೇ ಬಿಡಿ. ಗಾಯ ಒಣಗಿ ತೊಗಟೆ ಕಟ್ಟಬೇಕು. ಹಸಿ ಗಾಯವನ್ನೇ ಒದ್ದೆ ಮಣ್ಣಿಗೆ ಇಟ್ಟರೆ ಶಿಲೀಂಧ್ರ ಒಳಹೊಕ್ಕು ತುಂಡು ಕೊಳೆಯುತ್ತದೆ. ಸುರಿಮಳೆಯ ದಿನಗಳನ್ನು ಬಿಟ್ಟು ಯಾವಾಗ ನೆಟ್ಟರೂ ನಡೆಯುತ್ತದೆ.

ಕುಂಡ, ಮಣ್ಣು, ಜಾಗ

ಕುಂಡ ಚಿಕ್ಕದಿರಲಿ, ಎಂಟು ಅಂಗುಲದ್ದು ಕೆಲವು ವರ್ಷಕ್ಕೆ ಸಾಕು. ಬೇರಿಗೆ ಜಾಗ ಇಕ್ಕಟ್ಟಾದಾಗಲೇ ಈ ಗಿಡ ಚೆನ್ನಾಗಿ ಹೂ ಬಿಡುತ್ತದೆ. ನಾನು ಬಳಸುವ ಮಿಶ್ರಣ: ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಇಟ್ಟಿಗೆ ಚೂರು ಮತ್ತು ಇದ್ದಿಲು, ಅರ್ಧ ಪಾಲು ಎರೆಹುಳು ಗೊಬ್ಬರ. ನೀರು ಹೊಯ್ದರೆ ಅರೆ ನಿಮಿಷದಲ್ಲಿ ತಳದ ತೂತಿನಿಂದ ಹೊರಬರಬೇಕು. ಬರದಿದ್ದರೆ ಇಟ್ಟಿಗೆ ಚೂರು ಇನ್ನಷ್ಟು ಬೆರೆಸಿ.

ಎರಡು ಅಂಗುಲ ಆಳಕ್ಕೆ ನೆಟ್ಟು, ಕಡ್ಡಿಗೆ ಕಟ್ಟಿ, ನಾಲ್ಕೈದು ದಿನ ಬಿಟ್ಟು ನೀರು ಹಾಕಿ. ಆಮೇಲೆ ಬೆರಳಿಟ್ಟು ನೋಡಿ, ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಬಾಲ್ಕನಿ, ಮಾವು ಅಥವಾ ಹೊಂಗೆಯ ಎಲೆಗಳ ನಡುವೆ ಬಿಸಿಲು ತೂರಿಬರುವ ನೆರಳು ಇದಕ್ಕೆ ಇಷ್ಟ. ನಡುಹಗಲ ಬಿಸಿಲಿಗೆ ಎಲೆ ಹಳದಿಯಾಗಿ ಸುಟ್ಟ ಕಲೆ ಬೀಳುತ್ತದೆ. ತೀರಾ ಕತ್ತಲೆಯಾದರೆ ಹಸಿರು ಹಸಿರಾಗಿ ಬೆಳೆಯುತ್ತದೆ, ಹೂವಿನ ಸುದ್ದಿಯೇ ಇರುವುದಿಲ್ಲ.

ಗಿಡದಿಂದ ಕೋಲಿನಂಥ ಗುಂಡನೆಯ ಉದ್ದ ಕಡ್ಡಿಗಳು ಹೊರಟಾಗ ಅಂದಗೆಟ್ಟಿತೆಂದು ಕತ್ತರಿಸಬೇಡಿ. ಅವುಗಳ ಮೇಲ್ಭಾಗದಲ್ಲೇ ಚಪ್ಪಟೆ ಎಲೆಗಳು ಒಡೆಯುವುದು. ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಒರೆಸಿ. ಮಳೆಗಾಲದಲ್ಲಿ ಬಸವನಹುಳುವನ್ನು ಕೈಯಿಂದ ಹೆಕ್ಕುವುದಕ್ಕಿಂತ ಉತ್ತಮ ಉಪಾಯ ನನಗೆ ಸಿಕ್ಕಿಲ್ಲ.

ಮೊಗ್ಗು ಬಂದ ಮೇಲೆ

ಎರಡು ಮೂರು ವರ್ಷ ಕಾಯಬೇಕು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಮಾರ್ಚ್ ಹೊತ್ತಿಗೆ ಒಂದು ಹಿಡಿ ಎರೆಗೊಬ್ಬರ, ಒಂದು ಚಮಚ ಮೂಳೆಪುಡಿ ಕೊಡಿ. ಯೂರಿಯಾ ಹಾಕಿದರೆ ಬರುವುದು ಎಲೆ ಮಾತ್ರ. ಮುಂಗಾರು ಹಿಡಿದ ಮೇಲೆ ಅಂಚಿನ ಕಚ್ಚಿನಲ್ಲಿ ಕೆಂಪನೆಯ ಪುಟ್ಟ ಗಂಟು ಮೂಡುತ್ತದೆ. ಅಲ್ಲಿಂದ ಅರಳಲು ಮೂರು ನಾಲ್ಕು ವಾರ. ಈ ಅವಧಿಯಲ್ಲಿ ಕುಂಡವನ್ನು ಅತ್ತಿತ್ತ ಸಾಗಿಸಬೇಡಿ. ಜಾಗ ಬದಲಾದ ಸಿಟ್ಟಿಗೆ ಮೊಗ್ಗು ಉದುರಿಸುವ ಗಿಡ ಇದು. ನೆಂಟರಿಗೆ ತೋರಿಸಲೆಂದು ನಡುಮನೆಗೆ ತಂದು ನಾನು ಒಮ್ಮೆ ಐದು ಮೊಗ್ಗು ಕಳೆದುಕೊಂಡಿದ್ದೇನೆ.

ಕೆಳಗೆ ಜೋತಿದ್ದ ಮೊಗ್ಗಿನ ಕತ್ತು ಕೊಕ್ಕೆಯಂತೆ ಮೇಲಕ್ಕೆ ಬಾಗಿ, ತುದಿ ಬೆಳ್ಳಗೆ ಊದಿಕೊಂಡಿತೆಂದರೆ ಅಂದೋ ಮರುದಿನವೋ ರಾತ್ರಿ ಅರಳುತ್ತದೆ. ಎಂಟು ಗಂಟೆಯ ಸುಮಾರಿಗೆ ಬಿರಿಯತೊಡಗಿದ ಹೂವು ನಡುರಾತ್ರಿಯ ಹೊತ್ತಿಗೆ ಅಂಗೈಗಿಂತ ಅಗಲವಾಗಿರುತ್ತದೆ. ಕಾಡಿನಲ್ಲಿ ಈ ಪರಿಮಳ ಇರುಳು ಹಾರುವ ಪತಂಗಗಳನ್ನು ಕರೆಯುವುದಕ್ಕೆ. ನಮ್ಮ ಬೀದಿಯಲ್ಲಿ ಸ್ವೆಟರ್ ಹಾಕಿಕೊಂಡು ಮೊಬೈಲ್ ಹಿಡಿದ ನೆರೆಹೊರೆಯವರು ಬರುತ್ತಾರೆ. ಮನೆಮಂದಿಯನ್ನು ಎಬ್ಬಿಸುವುದಿದ್ದರೆ ಆಗಲೇ ಎಬ್ಬಿಸಿ. ಬೆಳಗಿನ ಕಾಫಿಯ ಹೊತ್ತಿಗೆ ಹೂವು ಒದ್ದೆ ಬಟ್ಟೆಯಂತೆ ನೇತಾಡುತ್ತಿರುತ್ತದೆ.

ಅಂದು ಬಂದವರಲ್ಲಿ ಇಬ್ಬರಾದರೂ ತುಂಡು ಕೇಳುತ್ತಾರೆ. ಹೂವಿನ ಕಾಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಕತ್ತರಿಸಿ ಕೊಡಿ. ಕೊಡುವಾಗ ಯಾವ ತುದಿ ಮಣ್ಣಿಗೆ ಎಂಬುದನ್ನೂ ಹೇಳಿ.