ಗುಂಟೆಯಿಂದ ಎಕರೆಗೆ: ವರ್ಗಮೂಲ ಕಲಿಸುವ ಬಗೆ

ಎಂಟನೇ ತರಗತಿಯ ಮಕ್ಕಳಿಗೆ 43,560ರ ವರ್ಗಮೂಲ ಕೇಳಿ ನೋಡಿ. ಒಬ್ಬರಲ್ಲ ಒಬ್ಬರು 28 ಎಂದು ಬರೆದಿರುತ್ತಾರೆ. 43,560 ಚದರ ಅಡಿ ಎಂದರೆ ಒಂದು ಎಕರೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆ ನೋಡುತ್ತ ಬೆಳೆದ ಮಗು ಎಕರೆಯ ಬದಿ 28 ಅಡಿ ಎಂದು ಬರೆದರೂ ಅನುಮಾನ ಪಡುವುದಿಲ್ಲ. ವರ್ಗಮೂಲವನ್ನು ನೆಲ ಮುಟ್ಟಿಸದೆ ಬರೀ ಕರಿಹಲಗೆಯ ಮೇಲೆ ಕಲಿಸಿದರೆ ಹೀಗೇ ಆಗುತ್ತದೆ.

1. ಗುಂಟೆ ಗೀಚುವುದು

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 1,089 ಚದರ ಅಡಿ. ಶಾಲೆಯ ಅಂಗಳದಲ್ಲಿ ನಾಲ್ಕು ಗೂಟ ಹೊಡೆದು, ಹುರಿ ಕಟ್ಟಿ, ಸುಣ್ಣದ ಪುಡಿಯಿಂದ ಗೆರೆ ಎಳೆಸಿ. ನಾಲ್ಕೂ ಬದಿ 33 ಅಡಿ ಬಂತೆಂದು ಟೇಪ್ ಸುತ್ತಿಡಬೇಡಿ, ಮೂಲೆ ಓರೆಯಾಗಿದ್ದರೆ ಅದು ವಜ್ರಾಕೃತಿ. ಎರಡೂ ಕರ್ಣ ಅಳೆಯಿರಿ. ಎರಡೂ 46 ಅಡಿ 8 ಇಂಚು ಬರಬೇಕು. ರಾಯಚೂರು ಕಡೆಯ ಬಿಸಿಲಿಗೆ ಈ ಕೆಲಸವನ್ನು ಮೊದಲ ಪೀರಿಯಡ್ಡಿನಲ್ಲೇ ಮುಗಿಸಿಕೊಳ್ಳಿ.

2. ವರ್ಗ

7ರ ವರ್ಗ 14 ಎನ್ನುವವರಿಗೆ ಹುಣಸೆ ಬೀಜ ಕೊಟ್ಟು ಏಳು ಸಾಲು, ಸಾಲಿಗೆ ಏಳು ಇಡಿಸಿ ಎಣಿಸಲು ಹೇಳಿ. 1ರಿಂದ 20ರವರೆಗಿನ ವರ್ಗಗಳು ಬಾಯಿಪಾಠವಾಗಲೇಬೇಕು, ಅದರಲ್ಲಿ ರಿಯಾಯಿತಿ ಬೇಡ.

3. ಚೌಕ ಒಡೆಯುವುದು

ಈ ಹಂತವನ್ನು ಹಾರಿಸುವವರೇ ಹೆಚ್ಚು, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆಯೇ. ಗುಂಟೆಯ ಒಂದು ಮೂಲೆಯಿಂದ ಎರಡೂ ಕಡೆ 30 ಅಡಿಗೆ ಗುರುತು ಮಾಡಿ, ಅಲ್ಲಿಂದ ಒಳಗೆ ಎರಡು ನೇರ ಗೆರೆ ಹಾಯಿಸಿ. ನಾಲ್ಕು ತುಂಡು ಕಾಣುತ್ತವೆ: 30×30ರ ದೊಡ್ಡ ಚೌಕ 900, 30×3ರ ಎರಡು ಪಟ್ಟಿ ತಲಾ 90, ಮೂಲೆಯಲ್ಲಿ 3×3ರ ಪುಟ್ಟ ಚೌಕ 9. ಕೂಡಿದರೆ 1,089. 33ರ ವರ್ಗ 909 ಎಂದು ಬರೆದ ಹುಡುಗನನ್ನು ಆ ಎರಡು ಪಟ್ಟಿಗಳ ಮೇಲೆ ನಡೆಸಿ. ತಾನು ಬಿಟ್ಟ 180 ಯಾವುದೆಂದು ಅವನ ಕಾಲಿಗೇ ತಿಳಿಯುತ್ತದೆ.

ಮನೆಯಲ್ಲಿ ಇದನ್ನೇ ಚೌಕಳಿ ನೋಟ್‌ಬುಕ್ಕಿನಲ್ಲಿ ಬರೆಯಿಸಬಹುದು. ಕೊಳ್ಳುವ ಮುನ್ನ ಸ್ಕೇಲ್ ಇಟ್ಟು ಹತ್ತು ಮನೆ ಅಡ್ಡ, ಹತ್ತು ಮನೆ ಉದ್ದ ಅಳೆಯಿರಿ. ಅಗ್ಗದವುಗಳಲ್ಲಿ ಎರಡೂ ಸಮ ಬರದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

4. ಭಾಗಾಕಾರ ವಿಧಾನ

1089ನ್ನು ಬಲದಿಂದ ಎರಡೆರಡು ಅಂಕಿಯಾಗಿ ಜೋಡಿ ಮಾಡಿಸಿ: 10, 89. ಎಡದಿಂದ ಶುರು ಮಾಡುವ ತಪ್ಪು ನಾಲ್ಕಂಕಿಯಲ್ಲಿ ಸಿಕ್ಕಿಬೀಳುವುದಿಲ್ಲ, 529 ಕೊಟ್ಟರೆ ಬಯಲಾಗುತ್ತದೆ. 5, 29 ಎನ್ನಬೇಕಾದವರು 52, 9 ಎಂದು ಕಟ್ಟಿ, ಉತ್ತರಕ್ಕೆ 7 ಬರೆದು ಪೆನ್ಸಿಲ್ ಕಚ್ಚುತ್ತ ಕೂರುತ್ತಾರೆ. ಉತ್ತರ 23. ಎರಡೆರಡೇ ಏಕೆ ಎಂದರೆ, ಬದಿ ಹತ್ತು ಪಟ್ಟಾದಾಗ ಚೌಕ ನೂರು ಪಟ್ಟಾಗುತ್ತದೆ. ಬದಿಗೆ ಒಂದು ಸೊನ್ನೆ ಸೇರಿದರೆ ವರ್ಗಕ್ಕೆ ಎರಡು.

10ರೊಳಗೆ ಕೂರುವ ದೊಡ್ಡ ವರ್ಗ 9, ಉತ್ತರದಲ್ಲಿ 3. ಕಳೆದರೆ 1, ಮುಂದಿನ ಜೋಡಿ ಇಳಿಸಿದರೆ 189. ಇಲ್ಲಿ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯಾಚೆ ಅಂಗಳ ತೋರಿಸಿ. ಈಗ ತೆಗೆದ 9 ಎಂದರೆ 900ರ ದೊಡ್ಡ ಚೌಕ. ಉಳಿದಿರುವುದು ಎರಡು ಪಟ್ಟಿ, ಒಂದು ಮೂಲೆ. ಪಟ್ಟಿಗಳನ್ನು ತುದಿಗೆ ತುದಿ ಕೂಡಿಸಿದರೆ 60 ಅಡಿ, ಮೂಲೆಯ ತುಂಡೂ ಸೇರಿದರೆ 63. ಅಗಲ 3. 63×3 = 189, ಶೇಷ ಸೊನ್ನೆ. ಉತ್ತರದ 3ನ್ನು ಇಮ್ಮಡಿಸಿ 6 ಬರೆದು ಪಕ್ಕದಲ್ಲಿ ಜಾಗ ಬಿಡುವುದು ಪಟ್ಟಿ ಎರಡಿರುವುದಕ್ಕೆ. ಆ ಜಾಗಕ್ಕೆ ಬರುವ ಅಂಕಿಯಿಂದಲೇ ಗುಣಿಸುವುದು, ಮೂಲೆಯ ಉದ್ದವೂ ಪಟ್ಟಿಯ ಅಗಲವೂ ಒಂದೇ ಆಗಿರುವುದಕ್ಕೆ. ಕ್ರಿ.ಶ. 499ರ ಆರ್ಯಭಟೀಯ ಎಂಬ ಗಣಿತ-ಖಗೋಳ ಗ್ರಂಥದಲ್ಲೂ ವರ್ಗಮೂಲದ ಇಮ್ಮಡಿಯಿಂದ ಭಾಗಿಸು ಎಂದೇ ಇದೆ.

ಕೋಚಿಂಗ್ ಕ್ಲಾಸಿನವರು ಒಂದು ಅಡ್ಡದಾರಿ ಹೇಳಿಕೊಡುತ್ತಾರೆ: ಕೊನೆಯಂಕಿ 9 ಇದ್ದರೆ ಮೂಲದ ಬಿಡಿ 3 ಇಲ್ಲವೇ 7, ಮುಂದಿನ 10ಕ್ಕೆ 3, ಆದ್ದರಿಂದ 33 ಅಥವಾ 37, 35ರ ವರ್ಗ 1,225, ಅದಕ್ಕಿಂತ ಕಡಿಮೆ ಇರುವುದರಿಂದ 33. ಚೆನ್ನಾಗಿದೆ. ಆದರೆ 1,099 ಕೊಟ್ಟರೂ ಅದೇ ಹುಡುಗ 33 ಎನ್ನುತ್ತಾನೆ. ಪೂರ್ಣ ವರ್ಗ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ನಡೆಯುವ ಉಪಾಯ ಇದು. ಭಾಗಾಕಾರ ಕೈಗೆ ಹತ್ತುವ ತನಕ ಇದನ್ನು ತರಗತಿಯೊಳಗೆ ಬಿಟ್ಟುಕೊಳ್ಳಬೇಡಿ.

5. ಸೊನ್ನೆ ನುಂಗುವ ಎಕರೆ

ಈಗ 43,560. ಜೋಡಿ: 4, 35, 60. ಮೂರು ಗುಂಪು, ಹಾಗಾಗಿ ಬಿಂದುವಿಗೆ ಮುಂಚೆ ಮೂರಂಕಿ ಬರಲೇಬೇಕು. ಶುರುವಿಗೇ ಹಾಳೆಯ ಮೇಲೆ ಮೂರು ಖಾಲಿ ಮನೆ ಬರೆಸಿದರೆ ಅರ್ಧ ತೊಂದರೆ ತಪ್ಪುತ್ತದೆ. 4ರ ಮೂಲ 2, ಶೇಷ ಸೊನ್ನೆ, 35 ಇಳಿಯಿತು. 2ರ ಇಮ್ಮಡಿ 4. ಪಕ್ಕದಲ್ಲಿ 1 ಇಟ್ಟರೂ 41, ಅದು 35ಕ್ಕಿಂತ ದೊಡ್ಡದು. ಇಲ್ಲಿ ಉತ್ತರದಲ್ಲಿ 0 ಬರೆಯಬೇಕು. ಮಕ್ಕಳು ಬರೆಯದೆ 60ನ್ನು ಇಳಿಸಿಬಿಡುತ್ತಾರೆ. 28 ಹುಟ್ಟುವುದು ಇಲ್ಲೇ. ಒಂದು ಗುಂಟೆಯ ಬದಿಯೇ 33 ಅಡಿ, 40 ಗುಂಟೆಯ ಎಕರೆಯದು 28 ಹೇಗಾದೀತು ಎಂದು ಕೇಳಿ.

0 ಬರೆದ ಮೇಲೆ 3560. 20ರ ಇಮ್ಮಡಿ 40. 408×8 = 3264 ಕೂರುತ್ತದೆ, 409×9 = 3681 ಮೀರುತ್ತದೆ. ಉತ್ತರ 208, ಶೇಷ 296. ಬಿಂದು ಇಟ್ಟು ಎರಡು ಸೊನ್ನೆ ಇಳಿಸಿ: 29600. ಮುಂದೆ ಇಮ್ಮಡಿಸಬೇಕಾದದ್ದು ಇಡೀ 208, ಅಂದರೆ 416. ಕೊನೆಯ 8ನ್ನಷ್ಟೇ ಇಮ್ಮಡಿಸಿ 16 ಬರೆದವರ ಲೆಕ್ಕ ಇಲ್ಲಿಂದ ಹಳ್ಳ ಹಿಡಿಯುತ್ತದೆ. 4167×7 = 29169. ಹೀಗೆ 208.7 ಅಡಿ.

ದಶಮಾಂಶದಲ್ಲಿ ಬಿಂದುವಿನಿಂದ ಬಲಕ್ಕೂ ಎರಡೆರಡೇ ಜೋಡಿ. 0.9 ಎಂದರೆ 0.90, ಅದರ ಮೂಲ 0.3 ಅಲ್ಲ, 0.948ರ ಆಸುಪಾಸು. 0.3ನ್ನು 0.3ರಿಂದ ಗುಣಿಸಿದರೆ 0.09 ಎಂದು ತೋರಿಸಿದರೆ ಸಾಕು.

ತಾಳೆ ನೋಡುವುದನ್ನು ಮೊಬೈಲಿಗೆ ಬಿಡದೆ ಕೈಯಲ್ಲೇ ಮಾಡಿಸಿ. 208.7ರ ವರ್ಗ 43,555.69. ಎಕರೆಗೆ ಇನ್ನೂ 4.31 ಚದರ ಅಡಿ ಕಡಿಮೆ. ಅದೂ ಬೇಕು ಎನ್ನುವ ಮಗುವಿಗೆ ಇನ್ನೊಂದು ಜೋಡಿ ಸೊನ್ನೆ ಇಳಿಸಿಕೊಡಿ.