ಫೀಸು ಕಟ್ಟಿದ ಮೇಲಿನ ಖರ್ಚು

ನಮ್ಮ ಮನೆ ಕಿನ್ನಿಗೋಳಿ ಕಡೆ. ಅಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್, ಅಮ್ಮ ಬೀಡಿ ಕಟ್ಟುತ್ತಾರೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಬರೆದು ಸುರತ್ಕಲ್‌ನ ಎನ್‌ಐಟಿಕೆ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕ ರಾತ್ರಿ ಅಪ್ಪ ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕುತ್ತಾ ಕೂತರು. ಸೆಮಿಸ್ಟರಿಗೆ ಟ್ಯೂಷನ್ ಫೀಸೇ 62,500 ರೂಪಾಯಿ.

ಅದಕ್ಕೆ ದಾರಿ ಇತ್ತು. ಎನ್‌ಐಟಿಕೆಯಂಥ ಕೇಂದ್ರ ಸರ್ಕಾರದ ಎನ್‌ಐಟಿ ಕಾಲೇಜುಗಳಲ್ಲಿ ಮನೆಯ ವರ್ಷದ ಆದಾಯ 1 ಲಕ್ಷದೊಳಗಿದ್ದರೆ ಟ್ಯೂಷನ್ ಫೀಸು ಪೂರ್ತಿ ಮಾಫಿ. 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಪೂರ್ತಿ ಮಾಫಿ. ನಾವು ಎರಡನೇ ಸಾಲಿನವರು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿ ಕೊಟ್ಟೆ, 20,833ಕ್ಕೆ ಇಳಿಯಿತು. ಈ ಪತ್ರವನ್ನು ಕೌನ್ಸೆಲಿಂಗ್‌ಗೆ ಮೊದಲೇ ಮಾಡಿಸಿಟ್ಟುಕೊಳ್ಳಿ, ಆಮೇಲೆ ಓಡಾಡಲು ಪುರುಸೊತ್ತು ಸಿಗುವುದಿಲ್ಲ. ಹಾಸ್ಟೆಲ್, ಮೆಸ್ಸಿಗೆ ಈ ಮಾಫಿ ಇಲ್ಲ. ಅದಕ್ಕೆ ಅಮ್ಮ ಸಂಘದಲ್ಲಿ ಸಾಲ ತೆಗೆದರು.

ನಾನು ಎಡವಿದ್ದು ಚಿಲ್ಲರೆ ಖರ್ಚಿನಲ್ಲಿ. ಬರ್ತ್‌ಡೇ ಟ್ರೀಟ್, ಕ್ಲಬ್ಬಿನ ಹೂಡಿ ಜಾಕೆಟ್, ಫೆಸ್ಟ್‌ನ ಟೀಶರ್ಟ್. ಮಂಗಳೂರಿಗೆ ಹೋಗಿ ನಾನೊಂದು ಗಡ್‌ಬಡ್ ಐಸ್‌ಕ್ರೀಂ ತಿಂದರೂ ಬಿಲ್ಲು ಎಲ್ಲರಿಗೂ ಸಮಪಾಲು. ರಜೆಗೆ ಬಜ್ಪೆಯಿಂದ ವಿಮಾನ ಹತ್ತುವವರಿಗೆ ಅದೊಂದು ಖರ್ಚೇ ಅಲ್ಲ ಬಿಡಿ. ದುಡ್ಡಿಲ್ಲ ಅನ್ನಲು ನಾಚಿಕೆಯಾಗಿ 'ಇವತ್ತು ಸಂಕಷ್ಟಿ, ಉಪವಾಸ' ಎನ್ನುತ್ತಿದ್ದೆ. ಒಂದು ತಿಂಗಳಲ್ಲಿ ಮೂರು ಸಲ ಹೇಳಿದ್ದೆ. ನಮ್ಮ ರೂಮಿನ ದೆಹಲಿ ಹುಡುಗ ಮೊಬೈಲಿನಲ್ಲಿ ಪಂಚಾಂಗ ತೆಗೆದು ನೋಡಿಬಿಟ್ಟ!

ಅವತ್ತೇ ಅವನಿಗೆ ನಿಜ ಹೇಳಿದೆ. ಆಮೇಲೆ ಎಲ್ಲರಿಗೂ ಮೊದಲೇ ಹೇಳುವುದು ರೂಢಿಯಾಯಿತು: ಕೈಖರ್ಚಿಗೆ ತಿಂಗಳಿಗೆ 800 ರೂಪಾಯಿ, ನಾನು ಬರ್ತೇನೆ, ಚಾ ಮಾತ್ರ ಕುಡೀತೇನೆ. ಇಬ್ಬರು ಕರೆಯುವುದು ಬಿಟ್ಟರು. ಉಳಿದವರು ಬಿಲ್ಲನ್ನು ತಿಂದವರ ಲೆಕ್ಕದಲ್ಲಿ ಹಂಚತೊಡಗಿದರು. ಹಾಗೆ ಆಗಬೇಕು ಅಂತ ಇನ್ನೂ ಮೂವರಿಗೆ ಇತ್ತಂತೆ, ಅವರೂ ಸುಮ್ನೆ ಇದ್ದರು ಅಷ್ಟೇ.

ಇಂಗ್ಲಿಷಿಗೂ ಆ ದೆಹಲಿ ಹುಡುಗನೇ ಜೊತೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ವೈವಾದಲ್ಲಿ (ಮೌಖಿಕ ಪರೀಕ್ಷೆ) ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಹಿಂದಿನ ರಾತ್ರಿ ಅವನೇ ಪ್ರಶ್ನೆ ಕೇಳುತ್ತಿದ್ದ, ನಾನು ಜೋರಾಗಿ ಉತ್ತರ ಹೇಳುತ್ತಿದ್ದೆ. ಬದಲಿಗೆ ಅವನಿಗೆ ಡ್ರಾಯಿಂಗ್ ಹೇಳಿಕೊಟ್ಟೆ.

ಒಂದು ಭಾನುವಾರ ಅವನನ್ನು ಮನೆಗೆ ಕರೆದುಕೊಂಡು ಹೋದೆ. ಒಂದು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿದ್ದೆ. ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ ಊಟ. ಆಮೇಲೆ ಅಮ್ಮ ತಡ್ಪೆ (ಮೊರ) ತೊಡೆ ಮೇಲಿಟ್ಟು ಬೀಡಿಗೆ ಕೂತರು. ತಾನೂ ಕಟ್ಟುತ್ತೇನೆ ಅಂತ ಅವನು ಪಕ್ಕದಲ್ಲಿ ಕೂತ. ಅರ್ಧ ಗಂಟೆಯಲ್ಲಿ ಮೂರು ಬೀಡಿ. ಅಮ್ಮ ಅವನ್ನು ಬೀಡಿಯ ಕಟ್ಟಿನೊಳಗೆ ಸೇರಿಸದೆ ಬದಿಗಿಟ್ಟರು. "ಬೀಡಿ ಬ್ರಾಂಚಿನ ಚೆಕ್ಕರ್ ವಾಪಸ್ ಬಿಸಾಡ್ತಾರೆ ಮಗ" ಎಂದರು.